ಬಿಬವೇವಾಡಿಯ ಮೂರನೆಯ ಬದಿ

ಮೂವತ್ತು ಬೆಂಕಿಕಡ್ಡಿಗಳನ್ನು ತೆಗೆದುಕೊಂಡು, ಒಂದನ್ನೂ ಮುರಿಯದೆ, ಒಂದನ್ನೂ ಉಳಿಸದೆ, ಹತ್ತೊಂಬತ್ತು ಬಗೆಯ ತ್ರಿಕೋನ ಮಾಡಬಹುದು. ಇಪ್ಪತ್ತನೆಯದು ಆಗುವುದಿಲ್ಲ. ಹನ್ನೊಂದು ವರ್ಷ ಮಾಡಿ ನೋಡಿದವನು ಹೇಳುತ್ತಿದ್ದೇನೆ. ಹತ್ತು-ಹತ್ತು-ಹತ್ತು ಆಗುತ್ತದೆ. ಹದಿನಾಲ್ಕು-ಹದಿನಾಲ್ಕು-ಎರಡು ಆಗುತ್ತದೆ. ಹದಿಮೂರು-ಹತ್ತು-ಏಳು ಆಗುತ್ತದೆ, ಹದಿಮೂರು-ಒಂಬತ್ತು-ಎಂಟೂ ಆಗುತ್ತದೆ. ಒಂದು ಬದಿಗೆ ಹದಿನೈದು ಇಟ್ಟಿರೋ, ಉಳಿದೆರಡು ಬದಿಗಳೂ ಕೂಡಿ ಹದಿನೈದೇ ಆಗಿ ಅದರ ಮೇಲೆ ಮಲಗಿಬಿಡುತ್ತವೆ. ಆಗ ಅದು ತ್ರಿಕೋನವಲ್ಲ, ಬರೀ ಗೆರೆ. ಎರಡು ಬದಿ ಕೂಡಿದರೆ ಮೂರನೆಯದಕ್ಕಿಂತ ಹೆಚ್ಚಿರಬೇಕು, ಇದು ಶಾಲೆಯ ಮಕ್ಕಳಿಗೂ ಗೊತ್ತು. ತೊಂದರೆ ಏನೆಂದರೆ, ಲೆಕ್ಕಕ್ಕೆ ಹತ್ತೊಂಬತ್ತೂ ಸರಿ. ಹೊಲ ಮಾತ್ರ ಒಂದೇ.

ನನ್ನ ಹೆಸರು ಮುರುಗೆಪ್ಪ, ಧಾರವಾಡದ ಕಡೆಯವನು. ಪುಣೆಯ ಮೋಜಣಿ ಕಚೇರಿಯಲ್ಲಿ ಇಪ್ಪತ್ತೊಂಬತ್ತು ವರ್ಷ ಜನರ ಹೊಲ ಅಳೆದು ನಕಾಶೆ ಬರೆದೆ. ಅಂಕಗಣಿತದಲ್ಲಿ ನನ್ನನ್ನು ಮೀರಿಸುವವರು ಆ ಕಚೇರಿಯಲ್ಲಿ ಇರಲಿಲ್ಲ. ಜಂಬಕ್ಕೆ ಹೇಳುತ್ತಿಲ್ಲ, ನನ್ನ ಕೇಡು ಶುರುವಾದದ್ದೇ ಅಲ್ಲಿಂದ. ಲೆಕ್ಕ ಬರದವನು ಬಿಸಿಲಿನಲ್ಲಿ ಮೂರು ಬದಿಯನ್ನೂ ಅಳೆಯುತ್ತಾನೆ. ಲೆಕ್ಕ ಬಂದವನು ಎರಡು ಬದಿ ಅಳೆದು, ಹಳೆಯ ದಫ್ತರದಲ್ಲಿರುವ ಸುತ್ತಳತೆಯಿಂದ ಅವೆರಡನ್ನೂ ಕಳೆದು, ಮೂರನೆಯದನ್ನು ನೆರಳಿನಲ್ಲಿ ಕೂತು ಬರೆಯುತ್ತಾನೆ.

ಅಳೆಯುವ ಬಗೆ ಹೀಗೆ. ನಮ್ಮ ಸರಪಳಿ ಮೂವತ್ತಮೂರು ಅಡಿ ಉದ್ದ, ಹಿಡಿಯಲು ಇಬ್ಬರು ಬೇಕು. ಮುಂದಿನವನ ಕೈಯಲ್ಲಿ ಕಬ್ಬಿಣದ ಹತ್ತು ಕಡ್ಡಿ. ಸರಪಳಿ ಬಿಗಿಯಾದ ಕೂಡಲೇ ಒಂದು ಕಡ್ಡಿಯನ್ನು ನೆಲಕ್ಕೆ ಚುಚ್ಚಿ ಅವನು ಮುಂದೆ ಸಾಗುತ್ತಾನೆ. ಹಿಂದಿನವನು ಆ ಕಡ್ಡಿ ಕಿತ್ತುಕೊಳ್ಳುತ್ತ ಬರುತ್ತಾನೆ. ಹತ್ತು ತುಂಬಿದರೆ ಕಡ್ಡಿಗಳನ್ನು ಮುಂದಿನವನಿಗೆ ಮರಳಿಸಿ, ಪುಸ್ತಕದಲ್ಲಿ ಹತ್ತೆಂದು ಗುರುತು ಹಾಕಿ ಮತ್ತೆ ಶುರು. ಕೊನೆಯಲ್ಲಿ ಹಿಂದಿನವನ ಕೈಯಲ್ಲಿ ಎಷ್ಟು ಕಡ್ಡಿ ಇವೆಯೋ ಬದಿ ಅಷ್ಟು ಸರಪಳಿ. ಬಾಯಿಯ ಎಣಿಕೆಗೆ ಬೆಲೆಯಿಲ್ಲ, ಕೈಯಲ್ಲಿದ್ದದ್ದೇ ಅಳತೆ.

ನನ್ನ ಮುಂದಿನವನು ಫಕೀರಪ್ಪ. ನನ್ನೂರಿನವನೇ, ನಾನೇ ಕರೆತಂದು ಕೆಲಸಕ್ಕೆ ಹಚ್ಚಿದವನು. ಒಂಬತ್ತು ವರ್ಷ ನಾವಿಬ್ಬರೂ ಒಂದೇ ಸರಪಳಿಯ ಎರಡು ತುದಿ ಹಿಡಿದು ಪುಣೆಯ ಸುತ್ತಲಿನ ಊರೆಲ್ಲ ತಿರುಗಿದೆವು. ಓದು ಬಾರದ ಮನುಷ್ಯ, ಆದರೆ ಸರಪಳಿಯಲ್ಲಿ ಒಂದು ತಿರುವು ಬಿದ್ದರೂ ಅವನ ಅಂಗೈಗೆ ತಿಳಿಯುತ್ತಿತ್ತು.

೧೯೧೮ರ ಅಕ್ಟೋಬರದಲ್ಲಿ ನಾವು ಬಿಬವೇವಾಡಿಗೆ ಹೋದೆವು. ಆ ವರ್ಷ ಊರಲ್ಲೆಲ್ಲ ಮಾನಮೋಡಿ ಎಂಬ ಇನ್‌ಫ್ಲುಯೆಂಜಾ ಜ್ವರ. ಸ್ವಾರಗೇಟ ನಾಕಾ ದಾಟಿ ನಡೆಯುವಷ್ಟರಲ್ಲಿ ಮೂರು ಹೆಣ ಎದುರಾದವು. ಫಕೀರಪ್ಪನ ಕಣ್ಣು ಆಗಲೇ ಕೆಂಪಾಗಿದ್ದವು. ರಜೆ ಕೇಳಿದ್ದ, ನಾನೇ ಕೊಡಲಿಲ್ಲ. ಮಳೆಗಾಲದ ಪ್ರವಾಹದಲ್ಲಿ ಏಕನಾಥನೆಂಬ ಮಾಳಿ ರೈತನ ಹೊಲದ ಒಂದು ಗಡಿಕಲ್ಲು ಕೊಚ್ಚಿಹೋಗಿತ್ತು. ಹೊಲ ಅಳೆದು ನಕಾಶೆ ಬರೆದುಕೊಟ್ಟರೆ, ಬೇಸಿಗೆಯಲ್ಲಿ ಬೇರೆ ತಂಡದವರು ಬಂದು ಆ ಪ್ರಕಾರ ಕಲ್ಲು ನೆಡುವವರಿದ್ದರು.

ತ್ರಿಕೋನದ ಹೊಲ. ಒಂದು ಬದಿ ಗಾಡಿದಾರಿ, ಒಂದು ಬದಿ ಹಳ್ಳ, ಮೂರನೆಯ ಬದಿ ನೆರೆಯ ಪಂಢರಿನಾಥನ ಹೊಲ. ದಾರಿ ಮತ್ತು ಹಳ್ಳ ಕೂಡುವಲ್ಲಿ ಒಂದು ಕಲ್ಲಿತ್ತು, ದಾರಿಯ ಆಚೆ ತುದಿಯ ಹುಣಸೆಮರದ ಕೆಳಗೆ ಇನ್ನೊಂದು. ಕೊಚ್ಚಿಹೋದದ್ದು ಮೂರನೆಯದು. ಅದು ಹಳ್ಳದ ದಂಡೆಯಲ್ಲಿ, ಬಾವಿಯ ಆಚೆ, ಕರಿಬಂಡೆಯ ಪಕ್ಕದಲ್ಲಿತ್ತು ಎಂದು ಏಕನಾಥ ಜಾಗ ತೋರಿಸಿದ. ಪಂಢರಿನಾಥನೂ ಹೌದೆಂದ. ನಮ್ಮ ದಫ್ತರದ ಹಳೆಯ ಹಾಳೆಯನ್ನು ಗೆದ್ದಲು ತಿಂದು, ಬದಿಗಳ ಅಂಕಿಗಳು ಹೋಗಿ, ಸುತ್ತಳತೆ ಮಾತ್ರ ಉಳಿದಿತ್ತು: ಮೂವತ್ತು ಸರಪಳಿ.

ದಾರಿಯ ಬದಿ ಹದಿಮೂರು ಬಂತು. ಹಳ್ಳದ ಬದಿ ಹಿಡಿದು ಅರ್ಧ ಹೋಗಿದ್ದೆವು, ನಾನು ಫಕೀರಪ್ಪನನ್ನು ಏನೋ ಬೈಯುತ್ತಿದ್ದೆ, ಅಷ್ಟರಲ್ಲಿ ಏಕನಾಥನ ಹೆಂಡತಿ ಕೂಸನ್ನು ಸೊಂಟದ ಮೇಲಿಟ್ಟುಕೊಂಡು ಮಜ್ಜಿಗೆಯ ತಂಬಿಗೆ ಹಿಡಿದು ದಂಡೆ ಇಳಿದು ಬಂದಳು.

“ನೀವು ನಮ್ಮ ಕಡ್ಯಾವ್ರೇನ್ರಿ?” ಎಂದಳು. “ನಾ ಬೆಳಗಾವಿ ಕಡೆಯಾಕಿ, ಗೋದಾ ಅಂತ. ಲಗ್ನ ಆಗಿ ಇಲ್ಲಿಗೆ ಬಂದು ಎಂಟು ವರ್ಷ ಆತು. ಕನ್ನಡದಾಗ ಬೈಯೂದು ಕೇಳಿ ಭಾಳ ದಿವಸ ಆಗಿತ್ತು, ಕೇಳಿ ಓಡಿ ಬಂದೆ ನೋಡ್ರಿ.”

ನಾನು ನಕ್ಕೆ. ಸರಪಳಿ ಕೆಳಗಿಟ್ಟು ಮಜ್ಜಿಗೆ ಕುಡಿದೆ. ಕೂಸಿನ ಹೆಸರು ಇಂದೂ ಎಂದಳು, ಎರಡು ವರ್ಷವಂತೆ. ತವರಿನ ಮಾತು, ಜೋಳದ ಬೆಳೆಯ ಮಾತು ಎಲ್ಲ ಆಯಿತು. ಮತ್ತೆ ಸರಪಳಿ ಎತ್ತಿ ಕರಿಬಂಡೆ ಮುಟ್ಟಿದಾಗ ನನ್ನ ಕೈಯಲ್ಲಿ ಒಂಬತ್ತು ಕಡ್ಡಿ ಇದ್ದವು.

ಫಕೀರಪ್ಪ ಬಂಡೆಯ ಹತ್ತಿರ ಕುಕ್ಕರುಗಾಲಲ್ಲಿ ಕೂತಿದ್ದ. ಎರಡೂ ಅಂಗೈ ತೆರೆದು ತೋರಿಸಿದ.

“ಸಾಹೇಬ್ರ, ನನ್ನ ಕೈ ಖಾಲಿ ಆಗ್ಯಾವ. ಹತ್ತು ಚುಚ್ಚೀನ್ರಿ.”

“ನನ್ನ ಕಡೆ ಒಂಬತ್ತ ಅದಾವ. ಜ್ವರದಾಗ ನೀನ ಎಲ್ಲೋ ಒಂದು ಬೀಳಿಸೀದಿ.”

“ಬೀಳಿಸಿಲ್ರಿ. ಮೂರನೇದು ಎಳಿಯೋಣ್ರಿ, ಗೊತ್ತಾಗ್ತದ.”

ಅವನು ಹೇಳಿದ್ದು ಸರಿಯಾಗಿತ್ತು. ಮೂರನೆಯ ಬದಿ ಅಳೆದರೆ ಸುತ್ತಳತೆ ಮೂವತ್ತಕ್ಕೆ ಕೂಡುತ್ತದೋ ಇಲ್ಲವೋ ಎಂಬುದರ ಮೇಲೆ ಯಾರ ಎಣಿಕೆ ತಪ್ಪೆಂದು ತಿಳಿದುಬಿಡುತ್ತಿತ್ತು. ಆದರೆ ಮೂರನೆಯ ಬದಿಯ ತುಂಬ ಎದೆಯೆತ್ತರದ ಪಾಪಾಸುಕಳ್ಳಿ. ನಡುನೆತ್ತಿಯ ಮೇಲೆ ಬಿಸಿಲು. ನನಗೆ ಹಸಿವು. ಹದಿಮೂರು, ಒಂಬತ್ತು, ಕೂಡಿದರೆ ಇಪ್ಪತ್ತೆರಡು. ಮೂವತ್ತರಲ್ಲಿ ಇಪ್ಪತ್ತೆರಡು ಹೋದರೆ ಎಂಟು. ಒಂಬತ್ತು ಮತ್ತು ಎಂಟು ಹದಿಮೂರಕ್ಕಿಂತ ಹೆಚ್ಚು, ತ್ರಿಕೋನ ಕೂಡುತ್ತದೆ. ಹಾಗೆಂದು ಬರೆದು ಪುಸ್ತಕ ಮುಚ್ಚಿದೆ. ಕಳೆದು ತೆಗೆದ ಬದಿಯ ಗುಣವೇ ಅದು, ಉಳಿದೆರಡರಲ್ಲಿ ಎಂಥ ತಪ್ಪಿದ್ದರೂ ನುಂಗಿಕೊಂಡು ಮೊತ್ತವನ್ನು ಸರಿ ಮಾಡಿ ಕೊಡುತ್ತದೆ.

ಫಕೀರಪ್ಪ ಮೂರನೆಯ ದಿನ ಸತ್ತ. ಆಸ್ಪತ್ರೆಯ ಹೊರಗೆ ಹಾಕಿದ್ದ ಚಪ್ಪರದಲ್ಲಿ ಮಲಗಿಸಿದ್ದರು. ನನ್ನ ಗುರುತು ಸಿಗಲಿಲ್ಲ. ಹಾಸಿಗೆಯ ಅಂಚಿಗೆ ಬೆರಳು ಚುಚ್ಚುತ್ತ ಚುಚ್ಚುತ್ತ ಎಣಿಸುತ್ತಿದ್ದ. ಪ್ರತಿ ಸಲವೂ ಹತ್ತಕ್ಕೆ ಮುಗಿಸಿ, ಅಂಗೈ ತೆರೆದು ತೋರಿಸಿ, ಮತ್ತೆ ಒಂದರಿಂದ ಶುರು ಮಾಡುತ್ತಿದ್ದ. ಸಾಯುವವನು ಯಾರ ಸಲುವಾಗಿ ಸುಳ್ಳು ಎಣಿಸುತ್ತಾನೆ? ಮಜ್ಜಿಗೆ ಕುಡಿದು ಎದ್ದಾಗ ನಾನೇ ಒಂದು ಕಡ್ಡಿಯನ್ನು ದಂಡೆಯ ಮೇಲೆ ಬಿಟ್ಟು ಬಂದಿದ್ದೆ. ಹಳ್ಳದ ಬದಿ ಒಂಬತ್ತಲ್ಲ, ಹತ್ತು. ಆ ಕ್ಷಣವೇ ನನಗೆ ತಿಳಿಯಿತು, ಕಚೇರಿಯಲ್ಲಿ ನಕಾಶೆ ಇನ್ನೂ ನನ್ನ ಮೇಜಿನ ಮೇಲೇ ಇತ್ತು. ನಾನು ತಿದ್ದಲಿಲ್ಲ. ಅಳೆಯದೆ ಅಳತೆ ಬರೆದನೆಂದು ನೌಕರಿ ಹೋಗುತ್ತಿತ್ತು. ಕಂಬಾರನ ಹತ್ತಿರ ಹತ್ತನೆಯ ಕಡ್ಡಿಯೊಂದನ್ನು ಮಾಡಿಸಿ ಗಂಟಿಗೆ ಸೇರಿಸಿದೆ, ನಕಾಶೆಗೆ ಸಹಿ ಹಾಕಿ ಕಳಿಸಿದೆ.

ಜನವರಿಯಲ್ಲಿ ಹಡಪಸರದ ಒಂದು ಹೊಲ. ಹೊಸ ಆಳಿನ ಜೊತೆ ಎರಡು ಬದಿ ಅಳೆದು, ಮೂರನೆಯದನ್ನು ಕಳೆದು ಬರೆಯೋಣವೆಂದು ಪೆನ್ಸಿಲ್ ತೆಗೆದೆ. ಮಟಮಟ ಮಧ್ಯಾಹ್ನ. ಬೆನ್ನ ಹಿಂದಿನಿಂದ, ಒಂದು ಸರಪಳಿಯಷ್ಟು ದೂರದಿಂದ, ಮೆಲ್ಲಗೆ ಮಾತು ಬಂತು.

“ಮೂರನೇದು ಎಳಿಯೋಣ್ರಿ.”

ತಿರುಗಿ ನೋಡಿದೆ. ಬದುವಿನ ಮೇಲೆ ಫಕೀರಪ್ಪ ಕುಕ್ಕರುಗಾಲಲ್ಲಿ ಕೂತಿದ್ದ. ನನ್ನತ್ತ ನೋಡುತ್ತಿರಲಿಲ್ಲ, ನೆಲ ನೋಡುತ್ತಿದ್ದ. ಹೊಸ ಆಳು ಅವನ ಪಕ್ಕದಿಂದಲೇ ಬೀಡಿ ಸೇದುತ್ತ ನಡೆದುಹೋದ. ಹೆದರಿದೆ, ನಾಚಿಕೆಯಿಲ್ಲದೆ ಹೇಳುತ್ತೇನೆ, ಹಸುಗೂಸಿನ ಹಾಗೆ ಹೆದರಿದೆ. ಎದ್ದು ಮೂರನೆಯ ಬದಿಯನ್ನು ಸರಪಳಿ ಹಾಕಿ ಅಳೆದೆ. ಅದು ಮುಗಿದಾಗ ಬದು ಬರಿದಾಗಿತ್ತು.

ಆಮೇಲೆ ಇದೇ ರೂಢಿಯಾಯಿತು. ನಾಲ್ಕು ಮೂಲೆಯ ಹೊಲವಾದರೂ ನಾವು ತ್ರಿಕೋನಗಳಾಗಿ ಒಡೆದೇ ಅಳೆಯುವುದು, ಹಾಗಾಗಿ ತಪ್ಪಿಸಿಕೊಳ್ಳಲು ಹಾದಿ ಇರಲಿಲ್ಲ. ನಾನು ಎಲ್ಲೆಲ್ಲಿಯೂ ಮೂರೂ ಬದಿ ಅಳೆಯತೊಡಗಿದೆ, ಮುಳ್ಳಿರಲಿ ಕೆಸರಿರಲಿ. ಕಚೇರಿಯಲ್ಲಿ ನನಗೆ ‘ಮೂರು ಬದಿಯ ಮುರುಗೆಪ್ಪ’ ಎಂದು ಹೆಸರು ಬಿತ್ತು. ಮೇಲಿನವರು ಹೊಸಬರಿಗೆ ನನ್ನನ್ನೇ ಮಾದರಿಯಾಗಿ ತೋರಿಸುತ್ತಿದ್ದರು. ನಗಬೇಕೋ ಅಳಬೇಕೋ ನನಗೇ ತಿಳಿಯುತ್ತಿರಲಿಲ್ಲ.

ಆ ಬೇಸಿಗೆಯಲ್ಲಿ ಬಿಬವೇವಾಡಿಯಲ್ಲಿ ಕಲ್ಲು ನೆಟ್ಟರು. ನಾನು ಬರೆದ ಒಂಬತ್ತು ಮತ್ತು ಎಂಟು ಕೂಡುವ ಜಾಗ ಕರಿಬಂಡೆಗಿಂತ ನಲವತ್ತು ಅಡಿ, ಬಾವಿಗಿಂತಲೂ ಈಚೆಗೆ ಬಂತು. ಬಾವಿ ಪಂಢರಿನಾಥನ ಪಾಲಾಯಿತು. ಏಕನಾಥ ಇದನ್ನು ನೋಡಲು ಉಳಿದಿರಲಿಲ್ಲ, ಫಕೀರಪ್ಪ ಹೋದ ವಾರವೇ ಅದೇ ಜ್ವರದಲ್ಲಿ ಹೋಗಿದ್ದ. ಗೋದಾ ಒಬ್ಬಳೇ ಕಂದಾಯದ ಅಧಿಕಾರಿ ಪ್ರಾಂತಸಾಹೇಬರಿಗೆ ಅರ್ಜಿ ಹಾಕಿದಳು.

ವಿಚಾರಣೆಗೆ ನನ್ನನ್ನು ಕರೆದರು. ಪ್ರಾಂತಸಾಹೇಬರು ನಕಾಶೆ ನೋಡಿದರು. ಹದಿಮೂರು, ಒಂಬತ್ತು, ಎಂಟು, ಕೂಡಿದರೆ ಮೂವತ್ತು, ಹಳೆಯ ಹಾಳೆಗೆ ಸರಿ. ಅಷ್ಟೇ ಅಲ್ಲ, ಹೊಸ ಅಳತೆಯ ಕ್ಷೇತ್ರ ಮೂವತ್ತೈದೂವರೆ ಗುಂಟೆ. ಗೋದಾ ಹೇಳುವ ಹಾಗೆ ಕಲ್ಲನ್ನು ಕರಿಬಂಡೆಗೆ ಸರಿಸಿ ಹತ್ತು ಮತ್ತು ಏಳು ಹಿಡಿದರೆ ಮೂವತ್ತನಾಲ್ಕೂವರೆ. ತಾಯೀ, ನಿನ್ನ ಭೂಮಿ ಒಂದು ಗುಂಟೆ ಹೆಚ್ಚಾಗಿದೆ, ಇನ್ನೇನು ತಕರಾರು ಎಂದು ಅವರು ಮರಾಠಿಯಲ್ಲಿ ಕೇಳಿದರು. ಹೆಚ್ಚಾದ ಆ ಗುಂಟೆ ಹಳ್ಳದ ಕಲ್ಲುದಂಡೆ. ಹುಲ್ಲು ಕೂಡ ಬೆಳೆಯದ ಜಾಗ. ಆಮೇಲೆ ನನ್ನತ್ತ ತಿರುಗಿ, ಮೂರೂ ಬದಿಗಳನ್ನು ಸರಪಳಿ ಹಾಕಿ ಅಳೆದದ್ದು ನಿಜವೇ ಎಂದು ಪ್ರಮಾಣದ ಮೇಲೆ ಕೇಳಿದರು. ಕೇಳುವಾಗ ಸಣ್ಣಗೆ ನಕ್ಕರು, ನನ್ನ ಹೆಸರು ಅವರಿಗೂ ಗೊತ್ತಿತ್ತು.

ನಿಜ, ಎಂದೆ.

ಗೋದಾ ಹೊರಗೆ ಕಟ್ಟೆಯ ಮೇಲೆ ಕೂತಿದ್ದಳು. ನನ್ನನ್ನು ನೋಡಿ ಎದ್ದು ನಿಂತಳು. ಅವಳು ಬೈದಿದ್ದರೆ ಎಷ್ಟೋ ಚಲೋ ಇತ್ತು.

“ಅಣ್ಣಾ, ನೀವು ಮೂರನೇದು ಎಳಿಯೂ ಹೊತ್ತಿಗೆ ನಾ ಒಳಗ ರೊಟ್ಟಿ ಬಡೀತಿದ್ದೆ, ನೋಡಲಿಲ್ಲ. ನಮ್ಮ ಮಂದಿ ನೀವು, ಸುಳ್ಳ ಹೇಳಾವ್ರಲ್ಲ. ನಮ್ಮ ಮನಿಯವ್ರ ಜಾಗ ತಪ್ಪಿ ತೋರ್ಸಿರ್ಬೇಕು” ಎಂದಳು.

ಅಂದಿನಿಂದ ಹನ್ನೊಂದು ವರ್ಷ ನಾನು ಬಿಬವೇವಾಡಿಯ ದಿಕ್ಕಿಗೆ ತಲೆ ಹಾಕಲಿಲ್ಲ. ಆ ಕಡೆಯ ಕೆಲಸ ಬಂದರೆ ಬೇರೆಯವರಿಗೆ ದಾಟಿಸುತ್ತಿದ್ದೆ. ಯಾರಾದರೂ ‘ಬಾವಿ’ ಎಂದರೂ ಸಾಕು, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವ ಹಾಗೆ ನನ್ನ ಸ್ಥಿತಿ. ಬೆಂಕಿಕಡ್ಡಿಯ ಆಟ ಹತ್ತಿದ್ದು ಆಗಲೇ. ಮೂವತ್ತು ಕಡ್ಡಿಗೆ ಹತ್ತೊಂಬತ್ತು ತ್ರಿಕೋನ. ದಾರಿಯ ಬದಿ ಹದಿಮೂರೆಂದು ಗಟ್ಟಿ ಮಾಡಿದರೂ ಆರು ಉಳಿಯುತ್ತವೆ. ಆ ಆರರಲ್ಲಿ ಬೇರೆ ಯಾವುದಾದರೂ ನಿಜವಿರಬಹುದೇ, ಹತ್ತು ಮತ್ತು ಏಳನ್ನು ಬಿಟ್ಟು? ಹನ್ನೊಂದು ಮತ್ತು ಆರು? ಹನ್ನೆರಡು ಮತ್ತು ಐದು? ಯಾವುದಾದರೂ ಒಂದು ನನ್ನನ್ನು ಬಿಡಿಸೀತೆಂದು ಇಟ್ಟು ತೆಗೆದು ಇಟ್ಟು ತೆಗೆದು ನೋಡುತ್ತಿದ್ದೆ.

ಪೆನ್ಶನ್‌ಗೆ ಒಂದು ತಿಂಗಳಿರುವಾಗ ಫಕೀರಪ್ಪ ಮನೆಗೆ ಬಂದ. ಅಲ್ಲಿಯವರೆಗೆ ಹೊಲದಲ್ಲಿ ಮಾತ್ರ ಕಾಣುತ್ತಿದ್ದವನು, ರವಿವಾರ ಮಧ್ಯಾಹ್ನ ನಮ್ಮ ಶುಕ್ರವಾರಪೇಟೆಯ ವಾಡೆಯ ಖೋಲಿಯ ಹೊಸ್ತಿಲ ಮೇಲೆ ಕೂತಿದ್ದ. ನಾನು ಊಟಕ್ಕೆ ಕೂತಿದ್ದೆ, ಮುರಿದ ರೊಟ್ಟಿಯನ್ನು ತಾಟಿನಲ್ಲೇ ಇಟ್ಟೆ. ಹೆಂಡತಿ ಕಲ್ಲವ್ವ ನನ್ನ ಕಣ್ಣು ಹೋದತ್ತ ನೋಡಿದಳು, ಅವಳಿಗೆ ಹೊಸ್ತಿಲು ಮಾತ್ರ ಕಂಡಿತು.

“ಯಾರದಾರ್ರಿ ಅಲ್ಲಿ?”

ಅಂದು ಎಲ್ಲವನ್ನೂ ಅವಳಿಗೆ ಹೇಳಿದೆ. ಕಲ್ಲವ್ವ ಮರುದಿನ ರೊಟ್ಟಿ, ಬದನೆಕಾಯಿ ಪಲ್ಯ, ಅಗಸಿ ಚಟ್ನಿ ಬಾಳೆಲೆಗೆ ಬಡಿಸಿ ಫಕೀರಪ್ಪನ ಹೆಸರಿನಲ್ಲಿ ಎಡೆ ಇಟ್ಟಳು. ಮಧ್ಯಾಹ್ನ ಅವನು ಅದೇ ಎಲೆಯ ಪಕ್ಕದಲ್ಲಿ ಕೂತು ಮೂರನೆಯದು ಎಳೆಯೋಣ ಎಂದ.

“ಅಂವ ರೊಟ್ಟಿ ಕೇಳವಲ್ಲ” ಎಂದೆ.

“ಕೇಳಿದ್ದು ಕೊಡ್ರಿ ಮತ್ತ” ಎಂದಳು ಕಲ್ಲವ್ವ. “ಒಂದು ತಿಂಗಳು ಹೋದ್ರ ಸರಪಳಿ ನಿಮ್ಮ ಕೈಯಾಗ ಇರೂದಿಲ್ಲ. ಆಮ್ಯಾಲೆ ಅಂವ ಬಂದು ಕುಂತ್ರ ಏನ ಎಳಿತೀರಿ? ಹೋಗಿ ಆ ಹೆಣ್ಮಗಳ ಬಾವಿ ಅಕಿಗೆ ಕೊಡಸ್ರಿ.”

ನೌಕರಿಯ ಭಯ ಆಗ ಉಳಿದಿರಲಿಲ್ಲವೆಂದಲ್ಲ. ತಪ್ಪೊಪ್ಪಿದರೆ ಪೆನ್ಶನ್ ನಿಲ್ಲಿಸುತ್ತಿದ್ದರು. ಆದರೆ ಐವತ್ತೈದು ವರ್ಷದ ಮನುಷ್ಯನಿಗೆ ಹಸಿವಿಗಿಂತ ಹೊಸ್ತಿಲ ಮೇಲೆ ಕೂತವನ ಭಯ ಹೆಚ್ಚು. ದುರಸ್ತಿಯ ಅರ್ಜಿ ಬರೆದೆ. ಮೂರನೆಯ ಬದಿ ಅಳೆಯದೆ ಬರೆದದ್ದು, ಪ್ರಮಾಣದ ಮೇಲೆ ಸುಳ್ಳು ಹೇಳಿದ್ದು, ಎಲ್ಲ ಅದರಲ್ಲಿತ್ತು. ಕೆಳಗೆ ಗೋದಾಳ ಹೆಬ್ಬೆಟ್ಟಿಗೆ ಜಾಗ ಬಿಟ್ಟೆ. ಸರಪಳಿ ಚೀಲಕ್ಕೆ ಹಾಕಿಕೊಂಡು ಮುಂದಿನ ರವಿವಾರ ಹೊರಟೆ.

ಬಿಬವೇವಾಡಿಯ ಹಳ್ಳ ಗುರುತು ಸಿಗದಂತಾಗಿತ್ತು. ಹೊಸ ರಸ್ತೆಗೆಂದು ಗುತ್ತಿಗೆದಾರರು ಸರ್ಕಾರಿ ಹಳ್ಳದ ದಂಡೆಯ ಮುರುಮು ಮಣ್ಣನ್ನು ಅಗೆದು ಗಾಡಿಗಳಲ್ಲಿ ಸಾಗಿಸುತ್ತಿದ್ದರು. ದಂಡೆಯ ಉದ್ದಕ್ಕೂ ಆಳುದ್ದದ ಕುಣಿಗಳು. ಗೋದಾಳ ಗಡಿಯ ತನಕ ಬಂದು ಅಗೆತ ನಿಂತಿತ್ತು. ಕಳ್ಳಿಗೆ ಹುಳು ಬಿದ್ದು ಒಣಗಿ, ಮೂರನೆಯ ಬದಿ ಬಯಲಾಗಿತ್ತು.

ಗೋದಾ ಹಳ್ಳದ ಒರತೆಯಿಂದ ಕೊಡ ತುಂಬಿಕೊಂಡು ದಂಡೆ ಹತ್ತುತ್ತಿದ್ದಳು. ಕೂದಲು ನೆರೆತಿತ್ತು. ನ್ಯಾಯಕ್ಕೆ ಅವಳದೇ ಆದ ಬಾವಿ ಐವತ್ತು ಹೆಜ್ಜೆ ಆಚೆ ಇತ್ತು. ನನ್ನ ಗುರುತು ಹಿಡಿದು, “ಅಣ್ಣಾರ, ಬರ್ರಿ” ಎಂದು ಕೊಡ ಇಳಿಸಿದಳು.

“ತಂಗಿ, ಒಂದು ಬದಿ ಅಳಿಯೂದದ. ಸರಪಳಿ ಹಿಂದಿನ ತುದಿ ಹಿಡೀತಿಯೇನು?” ಎಂದೆ.

ಯಾಕೆ ಎಂದು ಕೇಳದೆ ಹಿಡಿದಳು. ಹುಣಸೆಮರದ ಕಲ್ಲಿನಿಂದ ಶುರು ಮಾಡಿದೆವು. ನಾನು ಮುಂದೆ ಕಡ್ಡಿ ಚುಚ್ಚುತ್ತ, ಅವಳು ಹಿಂದೆ ಕೀಳುತ್ತ. ಬಿಸಿಲು ನೆತ್ತಿಗೆ ಬಂದಿತ್ತು. ಎರಡನೆಯ ಕಡ್ಡಿ ಚುಚ್ಚಿ ತಿರುಗಿದಾಗ ಫಕೀರಪ್ಪ ಕಂಡ. ಕೂತಿರಲಿಲ್ಲ. ಸರಪಳಿಯ ಪಕ್ಕದಲ್ಲಿ ಬಾಗಿ ನಡೆಯುತ್ತ, ಬದುಕಿದ್ದಾಗ ಮಾಡುತ್ತಿದ್ದ ಹಾಗೆಯೇ, ಸರಪಳಿಯ ತಿರುವುಗಳನ್ನು ಕೈಯಿಂದ ಬಿಡಿಸುತ್ತ ಬರುತ್ತಿದ್ದ. ನನ್ನ ಕಣ್ಣು ತುಂಬಿತು. ಮೂರು, ನಾಲ್ಕು, ಐದು. ಬಾವಿಯ ಕಟ್ಟೆಯ ಮಗ್ಗುಲಲ್ಲಿ ಆರು. ಕರಿಬಂಡೆಯ ಬುಡದಲ್ಲಿ ಏಳು. ಒಂದು ಗೇಣೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಹದಿಮೂರು, ಹತ್ತು, ಏಳು. ಮತ್ತೆ ತಿರುಗಿ ನೋಡಿದಾಗ ಗೋದಾ ಒಬ್ಬಳೇ ಏಳು ಕಡ್ಡಿ ಹಿಡಿದು ನಿಂತಿದ್ದಳು.

ಅಲ್ಲೇ ಬಂಡೆಯ ಮೇಲೆ ಕೂತು ಎಲ್ಲವನ್ನೂ ಹೇಳಿದೆ. ಮಜ್ಜಿಗೆ ಕುಡಿದದ್ದು, ಕಡ್ಡಿ ಬಿಟ್ಟದ್ದು, ಮೂರನೆಯದನ್ನು ಅಳೆಯದೆ ಬರೆದದ್ದು, ಗೊತ್ತಾದ ಮೇಲೂ ಸುಮ್ಮನಿದ್ದದ್ದು. ಅರ್ಜಿ ತೆಗೆದು ಅವಳ ಮುಂದೆ ಇಟ್ಟೆ. ಅವಳು ಅಳುತ್ತಾಳೆ, ಇಲ್ಲವೇ ಉಗಿಯುತ್ತಾಳೆ, ಆಮೇಲೆ ಹೆಬ್ಬೆಟ್ಟು ಒತ್ತುತ್ತಾಳೆ ಎಂದು ಎಣಿಸಿದ್ದೆ. ಒಳಗೊಳಗೇ ನನಗೆ ಸ್ವಲ್ಪ ಹೆಮ್ಮೆಯೂ ಆಗಿತ್ತು. ಮನುಷ್ಯನ ಜಾತಿಯೇ ಅಷ್ಟು.

ಗೋದಾ ಕೈಯಲ್ಲಿದ್ದ ಏಳು ಕಡ್ಡಿಗಳನ್ನು ಬಂಡೆಯ ಮೇಲೆ ಇಟ್ಟಳು. ಆಮೇಲೆ ಕೇಳಿದಳು.

“ಖರೇ ಅಳತಿ ಬರದ್ರ ಗಡಿ ಗೆರಿ ಎಲ್ಲಿ ಹೋಗ್ತದ್ರಿ?”

ಕಡ್ಡಿಯಿಂದ ನೆಲದ ಮೇಲೆ ಗೆರೆ ಎಳೆದು ತೋರಿಸಿದೆ. ಬಾವಿ ಒಳಗೆ ಬರುತ್ತದೆ. ಹೆಚ್ಚಾಗಿದ್ದ ಒಂದು ಗುಂಟೆ ಕಲ್ಲುದಂಡೆ ಹೊರಗೆ ಹೋಗುತ್ತದೆ, ಅದು ಮೊದಲಿನಿಂದಲೂ ಸರ್ಕಾರಿ ಹಳ್ಳದ್ದೇ. “ಅದು ಹೋದ್ರ ನಿನಗೇನೂ ಲುಕ್ಸಾನಿಲ್ಲ ತಂಗಿ, ಬರೀ ಕಲ್ಲು” ಎಂದೆ.

“ಅಲ್ಲಿ ಇಂದೂ ಅದಾಳ್ರಿ” ಎಂದಳು.

ನನಗೆ ಅರ್ಥವಾಗಲಿಲ್ಲ. ಅವಳು ದಂಡೆಯತ್ತ ಕೈ ಮಾಡಿದಳು. ಅಗೆತ ನಿಂತ ಅಂಚಿನಿಂದ ನಾಲ್ಕು ಮಾರು ಈಚೆಗೆ, ಸಣ್ಣ ಕಲ್ಲುಗಳನ್ನು ಉದ್ದಕ್ಕೆ ಜೋಡಿಸಿದ ಒಂದು ಗುಡ್ಡೆ ಇತ್ತು. ಉದ್ದ ಮೂರಡಿಯೂ ಇರಲಿಲ್ಲ.

“ಆರು ವರ್ಷದಾಕಿ ಇದ್ಲು. ಮಳಿಗಾಲದ ಒರತಿ ನೀರು. ಎರಡ ದಿವಸ ವಾಂತಿ, ಭೇದಿ. ಸಣ್ಣ ಕೂಸನ್ನ ಸುಡೂದಿಲ್ಲ ಅಂದ್ರು, ಮಣ್ಣ ಕೊಟ್ವಿ. ಬೆಳಿ ಬರೂ ಹೊಲದಾಗ ಬ್ಯಾಡ, ಕಾಗದದ ಪ್ರಕಾರ ದಂಡಿ ನಂದ ಅದಲ್ಲ ಅಂತ ಅಲ್ಲಿ ಇಟ್ಟೆ.” ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತಿದ್ದಳು. “ಪಂಢರಿನಾಥ ಕೇಳಿದ್ರ ನೀರು ಕೊಡ್ತಿದ್ದ. ನಾ ಕೇಳಲಿಲ್ಲ. ನಮ್ಮ ಬಾವಿ ನೀರು ನಾ ಯಾಕ ಕೇಳ್ಲಿ ಅಂದೆ. ಅದು ನನ್ನ ಪಾಪ. ಉಳದದ್ದು ನಿಮ್ದು.”

ಕಾಲು ಹಿಡಿಯಲು ಬಾಗಿದೆ, ಅವಳು ಹಿಂದೆ ಸರಿದಳು.

“ಗಡಿಕಲ್ಲು ಅಲ್ಲಿ ಅದ ಅಂತ ಆ ಮಂದಿ ಅಗಿಯೂದು ಅಲ್ಲಿಗೆ ನಿಲ್ಲಿಸ್ಯಾರ. ಕಲ್ಲು ಸರದ ಮರದಿವಸ ಗುದ್ದಲಿ ಹಾಕ್ತಾರ. ಅಕಿ ಎಲಬು ರಸ್ತಾಕ್ಕ ಬೀಳ್ತಾವ.”

“ಗುಡ್ಡಿ ಬ್ಯಾರೆ ಕಡೆ ಸರಸೋಣ ತಂಗಿ. ನಾ ಬೇಕಾದ್ದು ಮಾಡ್ತೀನಿ.”

“ಒಮ್ಮೆ ಮಲಗ್ಸೀನ್ರಿ. ಇನ್ನೊಮ್ಮೆ ಎತ್ತೂದು ನನ್ನ ಕಡಿಂದ ಆಗೂದಿಲ್ಲ.” ಅರ್ಜಿಯನ್ನು ಮಡಿಚಿ ನನ್ನ ಕೈಗೆ ಕೊಟ್ಟಳು. “ಆವಾಗ ಹೇಳಿದ್ರ ಅಕಿ ಉಳೀತಿದ್ಲು, ಅಣ್ಣಾ. ಈಗ ಹೇಳಿದ್ರ ಅಕಿ ಮಣ್ಣೂ ಉಳಿಯೂದಿಲ್ಲ. ಏನ ಬರದೀರೋ ಅದ ಇರ್ಲಿ.”

“ಮತ್ತ ನೀರು?”

“ಹೊತ್ತು ಹೊತ್ತು ರೂಢಿ ಆಗೇದ” ಎಂದು ಕೊಡ ಎತ್ತಿಕೊಂಡು ಹೋದಳು.

ನಾನು ಹುಣಸೆಮರದ ಕೆಳಗೆ ಹೊತ್ತಿಳಿಯುವ ತನಕ ಕೂತೆ. ಫಕೀರಪ್ಪ ಬರಲಿಲ್ಲ. ಮರುದಿನವೂ ಬರಲಿಲ್ಲ, ಆಮೇಲೆ ಎಂದೂ ಬರಲಿಲ್ಲ. ಮೂರನೆಯ ಬದಿ ಅಳೆಯಬೇಕೆಂಬುದೊಂದೇ ಅವನ ಹಟವಾಗಿತ್ತು, ಅದು ತೀರಿತು. ಬರೆಯುವುದು ಬಿಡುವುದು ಎಂದೂ ಅವನ ಕೆಲಸವಾಗಿರಲಿಲ್ಲ, ಅದು ನನ್ನದು. ಭೂತ ಬಿಟ್ಟುಹೋದರೆ ಸುಖ ಎಂದು ಹನ್ನೆರಡು ವರ್ಷ ಹಾರೈಸಿದ್ದೆ. ಅವನು ಹೋದ ಮೇಲಿನ ಮಧ್ಯಾಹ್ನಗಳು ಅದಕ್ಕಿಂತ ಕೆಟ್ಟವು. ಆ ಏಳನ್ನು ಎಳೆದು ಕಂಡವರು ನಾನು ಮತ್ತು ಗೋದಾ, ಮೂರನೆಯವರು ಯಾರೂ ಇರಲಿಲ್ಲ.

ತಿಂಗಳ ಕೊನೆಗೆ ಚಾರ್ಜು ಒಪ್ಪಿಸಿದೆ. ನನ್ನ ಜಾಗಕ್ಕೆ ಬಂದವನು ದೇವದಾಸ್ ಎಂಬ ಹುಬ್ಬಳ್ಳಿಯ ತರುಣ, ಚುರುಕಿನವನು. ಆ ವರ್ಷ ಹೊಸ ಹುಕುಂ ಬಂದಿತ್ತು. ಸರಪಳಿ ಹಾಕದೆ ಬರೀ ಕಳೆದು ಬರೆದ ಬದಿಗಳು ಹಳೆಯ ನಕಾಶೆಗಳಲ್ಲಿ ಎಲ್ಲಿವೆಯೋ ಅಲ್ಲಿ ಕೆಂಪು ಶಾಯಿಯ ಗುರುತು ಹಾಕಬೇಕು, ಹಾಕಿದ ಹೊಲಗಳನ್ನು ಮತ್ತೆ ಅಳೆದು ಕಲ್ಲು ಸರಿಪಡಿಸಬೇಕು. ದೇವದಾಸ್ ಒಂದೊಂದೇ ಹಾಳೆ ತಿರುವಿ ಕೇಳುತ್ತ ಹೋದ, ನಾನು ಹೇಳುತ್ತ ಹೋದೆ. ಬಿಬವೇವಾಡಿಯ ಹಾಳೆ ಬಂತು. ಅವನು ಬೆರಳಿಟ್ಟು ಕೂಡಿದ.

“ಹದಿಮೂರು, ಒಂಬತ್ತು, ಎಂಟು. ಮೂವತ್ತಕ್ಕ ಮೂವತ್ತು ಬರೋಬರ್ ಅದ. ಮೂರನೇದು ಕಳದದ್ದೋ, ಎಳದದ್ದೋ, ಮುರುಗೆಪ್ಪನವರ?”

ಬಾಗಿಲ ಕಡೆ ನೋಡಿದೆ. ಮಧ್ಯಾಹ್ನವಾಗಿತ್ತು, ಹೊಸ್ತಿಲ ಮೇಲೆ ಬಿಸಿಲು ಬಿದ್ದಿತ್ತು. ಫಕೀರಪ್ಪ ಅಲ್ಲಿ ಬಂದು ಕೂತಿದ್ದರೆ ನನಗೆ ಎಷ್ಟೋ ಧೈರ್ಯವಾಗುತ್ತಿತ್ತು.

“ಎಳದದ್ದು” ಎಂದೆ. “ನಾನ ಸ್ವತಃ ಎಳದೀನಿ. ಎಂಟು ಅದ.”

ದೇವದಾಸ್ ಕೆಂಪು ಶಾಯಿಯ ದೌತಿಯ ಮುಚ್ಚಳ ತೆಗೆಯದೆ ಹಾಳೆ ತಿರುವಿದ.